ಮನೆಯ ಔಷಧಿ ಡಬ್ಬಿ: ಯಾವುದು ಫ್ರಿಜ್ಜಿಗೆ, ಯಾವುದು ಕಪಾಟಿಗೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಸರ್, ನಮ್ಮನೆಯಲ್ಲಿ ಎಲ್ಲರ ಔಷಧಿಯೂ ಒಂದೇ ಬಿಸ್ಕೆಟ್ ಡಬ್ಬಿಯಲ್ಲಿದೆ. ಮಾವನ ಬಿಪಿ ಮಾತ್ರೆ, ನನ್ನ ಥೈರಾಯ್ಡ್ ಮಾತ್ರೆ, ಮಗನ ಸಿರಪ್. ಡಬ್ಬಿ ಇರುವುದು ಒಲೆ ಮೇಲಿನ ಶೆಲ್ಫಿನಲ್ಲಿ. ಮಳೆಗಾಲದಲ್ಲಿ ಇಲ್ಲಿ ಉಪ್ಪೇ ನೀರಾಗುತ್ತದೆ. ಎಲ್ಲವನ್ನೂ ಫ್ರಿಜ್ಜಿಗೆ ಹಾಕಿಬಿಡಲಾ? ಅತ್ತೆ ಸ್ಟ್ರಿಪ್ ಕತ್ತರಿಸಿ ಒಂದೊಂದೇ ಮಾತ್ರೆ ಮಾಡಿಡುತ್ತಾರೆ, ಅದು ಸರೀನಾ?

ಉತ್ತರ (ಫಾರ್ಮಸಿಸ್ಟ್): ಬೇಡ ಮೇಡಂ. ಹೆಚ್ಚಿನ ಮಾತ್ರೆಗಳಿಗೆ ಫ್ರಿಜ್ ಬೇಕಿಲ್ಲ. ಸುಮ್ನೆ ತೆಗೆದು ಇಟ್ಟು ಮಾಡಿದರೆ ಬೆವರಿ ತೇವ ಹಿಡಿಯುತ್ತದೆ. ಲೇಬಲ್ ಮೇಲೆ 2ರಿಂದ 8 ಡಿಗ್ರಿ ಎಂದಿದ್ದರೆ ಮಾತ್ರ ಫ್ರಿಜ್. ‘30 ಡಿಗ್ರಿಗಿಂತ ಕಡಿಮೆ’ ಎಂದಿದ್ದರೆ ಮಲಗುವ ಕೋಣೆಯ ಕಪಾಟು ಸಾಕು. ಒಲೆ ಮೇಲಿನ ಶೆಲ್ಫನ್ನಂತೂ ಇವತ್ತೇ ಖಾಲಿ ಮಾಡಿ. ಬಿಸಿ, ಹಬೆ ಎರಡೂ ಅಲ್ಲೇ. ಬಚ್ಚಲೂ ಬೇಡ.

ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬಂದಿದ್ದರೆ ಅದರಲ್ಲೇ ಇರಲಿ. ಒಳಗಿನ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ. ಬೆಳಕು, ತೇವ, ಬಿಸಿ ಮೂರೂ ಆ ಮಾತ್ರೆಗೆ ಆಗಿಬರುವುದಿಲ್ಲ.

ಇನ್ನು ಕತ್ತರಿ ವಿಷಯ. ಎಕ್ಸ್‌ಪೈರಿ ತಾರೀಕು ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಕತ್ತರಿಸಿದರೆ ಅದೂ ಹೋಯಿತು, ಹೆಸರೂ ಅರ್ಧ ಹೋಯಿತು. ಬಿಡಿ ಚೂರಿನಲ್ಲಿ ಬಿಪಿದು ಯಾವುದು, ಶುಗರ್‌ದು ಯಾವುದು ಹೇಗೆ ಗೊತ್ತಾಗಬೇಕು? ತಾರೀಕು ಇರುವ ತುದಿ ಕೊನೆಯವರೆಗೂ ಉಳಿಯುವ ಹಾಗೆ ಇನ್ನೊಂದು ತುದಿಯಿಂದ ಮಾತ್ರೆ ತೆಗೆಯಲು ಅತ್ತೆಯವರಿಗೆ ಹೇಳಿ. ಒಬ್ಬೊಬ್ಬರಿಗೆ ಒಂದು ಡಬ್ಬಿ ಮಾಡಿ, ಮೇಲೆ ಹೆಸರು ದಪ್ಪಗೆ ಬರೆಯಿರಿ. ಜ್ವರದ ಮಾತ್ರೆ ಮಾತ್ರ ಎಲ್ಲರಿಗೂ ಸೇರಿ ಒಂದೇ ಕಡೆ ಇರಲಿ. ಡೋಲೋ, ಕ್ಯಾಲ್ಪಾಲ್ ಎರಡೂ ಪ್ಯಾರಸಿಟಮಾಲೇ. ಬೇರೆ ಬೇರೆ ಔಷಧಿ ಅಂದುಕೊಂಡು ಎರಡನ್ನೂ ನುಂಗುವವರನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ.

ಮಗ ಚಿಕ್ಕವನಲ್ವಾ? ಹಾಗಿದ್ದರೆ ಎತ್ತರದಲ್ಲಿಟ್ಟರೆ ಸಾಲದು, ಬೀಗ ಬೇಕು. ಮಕ್ಕಳು ಕುರ್ಚಿ ಎಳೆದುಕೊಳ್ಳುತ್ತಾರೆ. ಮನೆಯಲ್ಲಿ ಐರನ್ ಮಾತ್ರೆ ಇದ್ದರೆ ಜಾಸ್ತಿ ಜಾಗ್ರತೆ. ಚಿಕ್ಕ ಮಕ್ಕಳು ಅದನ್ನು ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ.

ಇನ್ನೊಬ್ಬರು: ಸರ್, ಅಮ್ಮನ ಇನ್ಸುಲಿನ್ ಫ್ರಿಜ್ಜಿನಲ್ಲಿದೆ. ಮಳೆ ಜೋರಾದರೆ ಇಲ್ಲಿ ಇಡೀ ದಿನ ಕರೆಂಟ್ ಇರಲ್ಲ.

ಉತ್ತರ: ಗಾಬರಿ ಬೇಡ. ಫ್ರಿಜ್ ಬಾಗಿಲು ಪದೇ ಪದೇ ತೆಗೆಯಬೇಡಿ, ಅಷ್ಟೇ. ಬಳಸುತ್ತಿರುವ ಪೆನ್ ಅಥವಾ ವಯಲ್ಲನ್ನು (ಇನ್ಸುಲಿನ್ನಿನ ಪುಟ್ಟ ಬಾಟಲಿ) ಸಾಮಾನ್ಯವಾಗಿ 28 ದಿನ ಹೊರಗೇ ಇಡಬಹುದು. ಕೆಲವಕ್ಕೆ ಈ ಲೆಕ್ಕ ಬೇರೆ, ಡಬ್ಬಿಯೊಳಗಿನ ಚೀಟಿ ನೋಡಿ. ತೆರೆದ ದಿನ ಅದರ ಮೇಲೇ ಬರೆದಿಡಿ. ನಿಜವಾಗಿ ಹೆದರಬೇಕಾದದ್ದು ಫ್ರೀಜರ್‌ಗೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಫ್ರೀಜರ್ ಪಕ್ಕ, ಹಿಂದಿನ ಗೋಡೆಗೆ ಒತ್ತಿ ಇಡಬೇಡಿ.

ಮತ್ತೊಬ್ಬರು: ಪುಡಿಗೆ ನೀರು ಕಲಸುವ ಆಂಟಿಬಯೋಟಿಕ್ ಸಿರಪ್ ಉಳಿದಿದೆ. ಮುಂದಿನ ಜ್ವರಕ್ಕೆ ಇಟ್ಟುಕೊಳ್ಳಲಾ?

ಉತ್ತರ: ಖಂಡಿತ ಬೇಡ. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಸಿರಪ್ಪಾದರೆ ಕಲಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೂ 7 ದಿನ ಅಷ್ಟೇ. ಬಾಟಲಿ ಮೇಲಿನ ಎಕ್ಸ್‌ಪೈರಿ ಒಣ ಪುಡಿಯದ್ದು. ಕಣ್ಣಿನ ಡ್ರಾಪ್ಸ್ ಕೂಡ ಹಾಗೇ, ಹೆಚ್ಚಿನವನ್ನು ತೆರೆದ ಒಂದು ತಿಂಗಳಿಗೆ ಎಸೆಯಬೇಕು.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಹಳೆಯದನ್ನು ಎಲ್ಲಿ ಎಸೆಯಲಿ?

ಉತ್ತರ: ಹಸಿ ಕಸದ ಜೊತೆ ಬೇಡ, ಹಿತ್ತಲಲ್ಲೂ ಸುರಿಯಬೇಡಿ. ಅವಧಿ ಮುಗಿದ ಔಷಧಿ ಮನೆಯ ಅಪಾಯಕಾರಿ ಕಸ. ಬೇರೆ ಕವರಿನಲ್ಲಿ ಕಟ್ಟಿ, ಏನಿದೆ ಅಂತ ಹೇಳಿಯೇ ಕಸದ ಗಾಡಿಯವರಿಗೆ ಕೊಡಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಇಲ್ಲದಿದ್ದರೆ ಅವರ ಕೈಗೆ ಚುಚ್ಚುತ್ತದೆ.