ವಾಟ್ಸಾಪ್ ಮೇಲೆ ಕಣ್ಣಿಡೋ ಯುರೋಪ್ ಕಾನೂನು ಬಂದೇ ಬಿಡ್ತಾ?

ಹಾಸನದಿಂದ_ಮ್ಯೂನಿಕ್:
ಮಗಳಿಗೆ ಎಂಟು ತಿಂಗಳು. ಊರಲ್ಲಿರೋ ನಮ್ಮ ಅತ್ತೆಗೆ ಎಣ್ಣೆ ಸ್ನಾನದ ಫೋಟೋ ಬೇಕೇ ಬೇಕು. ಮೈಮೇಲೆ ಗುಳ್ಳೆ ಎದ್ದರೂ ಮೊದಲು ಅವರಿಗೇ ಫೋಟೋ, ಡಾಕ್ಟರ್ ಆಮೇಲೆ. ಆಫೀಸಿನ ಜರ್ಮನ್ ಗೆಳತಿ "ಇಂಥದ್ದೆಲ್ಲ ಕಳಿಸಬೇಡ, ಎಲ್ಲರ ಚಾಟ್ ಜಾಲಾಡೋ ಕಾನೂನು ಬರ್ತಿದೆ" ಅಂತ ಹೆದರಿಸಿದಳು. ನಿಜವಾ? ವಾಟ್ಸಾಪ್ ಬಿಟ್ಟು ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್‌ಗೆ ಹೋದರೆ ಸಾಕಾ?

ಬರ್ಲಿನ್_ಭಟ್ಟ:
ಗಾಬರಿ ಬೇಡ ಅಕ್ಕ, ಪಾಸಾಗಿಲ್ಲ. ಹಾಗಂತ ನಿಮ್ಮ ಗೆಳತಿ ಸುಮ್ನೆ ಹೆದರಿಸಿದ್ದೂ ಅಲ್ಲ. 2022ರ ಮೇ ತಿಂಗಳಲ್ಲಿ ಯುರೋಪ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಮಂಡಿಸಿದ ಮಸೂದೆ ಇದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಹಚ್ಚೋದು ಉದ್ದೇಶ. ಅದಕ್ಕೆ ಯಾರ ತಕರಾರೂ ಇಲ್ಲ, ತಕರಾರು ಹಿಡಿದ ದಾರಿಯದ್ದು. ವಾಟ್ಸಾಪ್, ಸಿಗ್ನಲ್‌ನಲ್ಲಿ ಮೆಸೇಜು ನಿಮ್ಮ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತೆ. ತೆರೆಯೋದು ನಿಮ್ಮ ಅತ್ತೆಯ ಫೋನಿನಲ್ಲೇ. ನಡುವೆ ಕಂಪನಿಗೂ ಕಾಣಲ್ಲ. ಹಾಗಾಗಿ ಬೀಗ ಬೀಳುವ ಮೊದಲೇ, ಫೋನಿನೊಳಗೇ ತಪಾಸಣೆ ಆಗಲಿ ಅಂತ 2025ರಲ್ಲಿ, ಆಗ ಸದಸ್ಯ ದೇಶಗಳ ಸಭೆಯ ಅಧ್ಯಕ್ಷ ಸ್ಥಾನದಲ್ಲಿದ್ದ ಡೆನ್ಮಾರ್ಕ್ ಪಟ್ಟು ಹಿಡಿಯಿತು. ಅಕ್ಟೋಬರ್‌ನಲ್ಲಿ ಜರ್ಮನಿ ಒಪ್ಪಲಿಲ್ಲ. ಆಡಳಿತ ಪಕ್ಷದ ಯೆನ್ಸ್ ಸ್ಪಾನ್ ಅವರೇ, ಇದು ಯಾವುದಕ್ಕೂ ಇರಲಿ ಅಂತ ಎಲ್ಲರ ಕಾಗದ ಒಡೆದು ನೋಡಿದ ಹಾಗೆ ಅಂದರು. ಅಷ್ಟು ದೊಡ್ಡ ದೇಶ ಬೇಡ ಅಂದಮೇಲೆ ಬಹುಮತ ಎಲ್ಲಿಂದ ಬರಬೇಕು? ಡೆನ್ಮಾರ್ಕ್ ಕಡ್ಡಾಯದ ಮಾತು ಕೈಬಿಟ್ಟಿತು. ಕಂಪನಿಗಳು ಇಷ್ಟವಿದ್ದರೆ ಸ್ಕ್ಯಾನ್ ಮಾಡಲಿ ಅನ್ನೋ ಕರಡಿಗೆ ನವೆಂಬರ್ 26ರಂದು ಸದಸ್ಯ ದೇಶಗಳು ಒಪ್ಪಿದವು. ಇನ್ನು ಯುರೋಪಿಯನ್ ಪಾರ್ಲಿಮೆಂಟ್ ಜೊತೆ ಚೌಕಾಸಿ. ಅದು 2023ರಲ್ಲೇ ಬೀಗದ ತಂಟೆಗೆ ಹೋಗಬೇಡಿ ಅಂದಿತ್ತು.

ಇಬ್ಬರು_ಮಕ್ಕಳ_ಅಪ್ಪ:
ಎಲ್ಲರೂ ಪ್ರೈವಸಿ ಪ್ರೈವಸಿ ಅಂತೀರಿ. ಮಕ್ಕಳ ವಿಷಯ ಸ್ವಾಮಿ ಇದು. ತಪ್ಪು ಮಾಡದವರ ಫೋಟೋ ಒಂದು ಮೆಷಿನ್ ನೋಡಿದರೆ ಏನು ನಷ್ಟ?

ಬರ್ಲಿನ್_ಭಟ್ಟ:
ನಷ್ಟ ಏನು ಅಂತ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಅಪ್ಪನನ್ನು ಕೇಳಬೇಕು. 2021ರಲ್ಲಿ ಅವರ ಪುಟ್ಟ ಮಗನಿಗೆ ಜನನಾಂಗ ಊದಿಕೊಂಡಿತ್ತು. ನರ್ಸ್ ಕೇಳಿದರು ಅಂತ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರು. ಅದೇ ಫೋಟೋ ತನ್ನಷ್ಟಕ್ಕೆ ಗೂಗಲ್ ಕ್ಲೌಡಿಗೂ ಹೋಯಿತು. ಮೆಷಿನ್ ಅದನ್ನು ದೌರ್ಜನ್ಯದ ಚಿತ್ರ ಅಂದುಕೊಂಡಿತು. ಮೇಲ್, ಫೋನ್ ನಂಬರ್, ಹಳೇ ಫೋಟೋ ಎಲ್ಲ ಬಂದ್. ಪೊಲೀಸರು ತನಿಖೆ ಮಾಡಿ ಏನೂ ತಪ್ಪಿಲ್ಲ ಅಂದರು. ಗೂಗಲ್ ಮಾತ್ರ ಅಕೌಂಟ್ ವಾಪಸ್ ಕೊಡಲಿಲ್ಲ.

ಇದಕ್ಕೆ ಯಾವ ಹೊಸ ಕಾನೂನೂ ಬೇಕಾಗಿರಲಿಲ್ಲ, ಅಲ್ವಾ? ಅದಕ್ಕೇ ಅಕ್ಕ, ಸಿಗ್ನಲ್‌ಗೆ ಹೋಗೋದು ನಿಮ್ಮಿಷ್ಟ. (ಕಡ್ಡಾಯ ಮಾಡಿದರೆ ಯುರೋಪನ್ನೇ ಬಿಡ್ತೀವಿ ಅಂತ ಅದರ ಮುಖ್ಯಸ್ಥೆ ಮೆರೆಡಿತ್ ವಿಟೇಕರ್ ಹೇಳಿದ್ದಾರೆ.) ನೀವು ಮೊದಲು ಗೂಗಲ್ ಫೋಟೋಸ್‌ನ ಬ್ಯಾಕಪ್ ಆನ್ ಇದೆಯಾ ನೋಡಿ. ವಾಟ್ಸಾಪ್‌ನಲ್ಲಿ ಬೀಗ ಹಾಕಿ ಕಳಿಸಿದ ಫೋಟೋನೇ ಅಲ್ಲಿ ಬೀಗ ಇಲ್ಲದೆ ಕೂತಿರುತ್ತೆ. ವಾಟ್ಸಾಪ್‌ನ ಚಾಟ್ ಬ್ಯಾಕಪ್‌ಗೂ ಬೀಗದ ಆಯ್ಕೆ ಇದೆ, ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಬೇಕು.

ಹಾಸನದಿಂದ_ಮ್ಯೂನಿಕ್:
ಅಯ್ಯೋ, ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇತ್ತು! ಆಫ್ ಮಾಡಿದೆ. ಮೇಲೆ ಹೋಗಿರೋದನ್ನ ಅಳಿಸಿದರೆ ಫೋನಿಂದಲೂ ಹೋಗುತ್ತಾ?

ಬರ್ಲಿನ್_ಭಟ್ಟ:
ಆ ಆ್ಯಪ್‌ನಲ್ಲೇ ಅಳಿಸಿದರೆ ಎರಡೂ ಕಡೆ ಹೋಗುತ್ತೆ. ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.