ಮುಂಬೈ–ಗೋವಾ ಹಡಗು, ಮೂರ ರಾತ್ರಿ: ರೊಕ್ಕ ವಸೂಲಾಗೂ ಹಂಗ ಹೆಂಗ?

ಪ್ರಶ್ನೆ (ಬಾಗಲಕೋಟಿ)
ಜನವರಿಯೊಳಗ ಮುಂಬೈಯಿಂದ ಹೊಂಡೂ ಕ್ರೂಸ್, ನಡುವ ಒಂದ ದಿನ ಗೋವಾ. ನಾಲ್ಕ ಮಂದಿ, ಅದರಾಗ ಇಬ್ಬರು 65 ದಾಟಿದವರು. ಒಬ್ಬರಿಗೆ ಘಾಟಿನ್ಯಾಗ ಬಸ್ ಹತ್ತಿದ್ರ ವಾಂತಿ. ಬಾಲ್ಕನಿ ರೂಮಿಗೆ ರೊಕ್ಕ ಸುರಿಯೂದೋ, ಕಿಟಕಿ ಇಲ್ಲದ್ದ ಸಾಕೋ? ಗೋವಾದಾಗ ಇಳಿಯೂದೋ ಬ್ಯಾಡೋ?

ಉತ್ತರ 1 (ಬೆಳಗಾವಿ)
ಬಾಲ್ಕನಿಗಿಂತ ರೂಮು ಎಲ್ಲಿದೆ ಅನ್ನೋದು ಮುಖ್ಯ. ಚೋರ್ಲಾ ಘಾಟಿನಲ್ಲಿ ಬಸ್ಸಿನ ಹಿಂದಿನ ಸೀಟು ಎತ್ತಿ ಹಾಕುತ್ತದಲ್ಲ, ಹಡಗೂ ಹಾಗೇ: ಮೂತಿ ಮತ್ತು ಹಿಂಬದಿ ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ. ಮೇಲಿನ ಅಂತಸ್ತಿಗೆ ಹೋದಷ್ಟೂ ಅಡ್ಡ ತೂಗಾಟ ಜಾಸ್ತಿ. ಆದ್ದರಿಂದ ಕೆಳಗಿನ ಡೆಕ್ಕು, ಹಡಗಿನ ನಡುಭಾಗ, ಸಾಧ್ಯವಾದರೆ ಕಿಟಕಿ. ಡೆಕ್ ನಕಾಶೆ ನೋಡಿ, ಮೇಲೂ ಕೆಳಗೂ ರೂಮುಗಳೇ ಇರುವ ಕಡೆ ಹಿಡಿಯಿರಿ. ಡಿಸ್ಕೊ, ಅಡುಗೆಮನೆ ತಲೆಮೇಲಿದ್ದರೆ ನಿದ್ದೆ ಇಲ್ಲ.

ಕಿವಿಯ ಒಳಭಾಗ 'ಅಲುಗುತ್ತಿದ್ದೇವೆ' ಅನ್ನುತ್ತದೆ, ರೂಮಿನ ಗೋಡೆ ನೋಡುವ ಕಣ್ಣು 'ಇಲ್ಲ' ಅನ್ನುತ್ತದೆ. ಈ ಜಗಳವೇ ವಾಂತಿ. ಮೇಲಿನ ತೆರೆದ ಡೆಕ್ಕಿಗೆ ಬಂದು ದಿಗಂತ ನೋಡಿದರೆ ಕಡಿಮೆಯಾಗುತ್ತದೆ, ಮೊಬೈಲ್ ನೋಡಿದರೆ ಹೆಚ್ಚುತ್ತದೆ. ಅವೊಮಿನ್‌ನಂಥ ಮಾತ್ರೆ ಹಿಂದಿನ ರಾತ್ರಿ ಅಥವಾ ಹೊರಡುವ ಒಂದೆರಡು ಗಂಟೆ ಮೊದಲೇ ಹೊಟ್ಟೆಗೆ ಹೋಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ನಿದ್ದೆ ತರಿಸುತ್ತದೆ, ಮದ್ಯದ ಜೊತೆ ಬೇಡ. ಪ್ರಾಸ್ಟೇಟ್, ಗ್ಲಾಕೋಮಾ ಇದ್ದ ಹಿರಿಯರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯೂ ಕೆಟ್ಟದ್ದೇ. ಜನವರಿ ಆರಿಸಿದ್ದು ಒಳ್ಳೆಯದಾಯಿತು, ಮಳೆಗಾಲ ಸಮೀಪಿಸಿದಂತೆ ಅರಬ್ಬಿ ಸಮುದ್ರದ ಅಲೆ ಏಳುತ್ತದೆ.

ಉತ್ತರ 2 (ವಿಜಯಪುರ)
ಹೊಸಪೇಟೆ–ಮುಂಬೈ ರೈಲು ಬಾಗಲಕೋಟಿಗೂ ನಿಲ್ಲತದ, ನಮ್ಮೂರಿಗೂ ನಿಲ್ಲತದ, ಸೊಲ್ಲಾಪುರದ ಮ್ಯಾಲೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗತದ. ಅಲ್ಲಿಂದ ಹಡಗು ಹತ್ತೂ ಜಾಗಾ, ಬಲಾರ್ಡ್ ಪಿಯರ್, ಎರಡ ಕಿ.ಮೀ. ಒಳಗ. ಆದ್ರ ಹಡಗು ಹೊಂಡೂ ದಿನಾನ ಮುಟ್ಟೂ ಹಂಗ ಟಿಕೆಟ್ ತಗೀಬ್ಯಾಡ್ರಿ, ಒಂದ ದಿನ ಮೊದಲ ಹೋಗ್ರಿ. ರೈಲು ತಡಾ ಆತಂತ ಹಡಗು ಕಾಯಂಗಿಲ್ಲ, ರೊಕ್ಕಾನೂ ವಾಪಸ್ ಬರಂಗಿಲ್ಲ.

ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗಿನ ಮೊದಲ ಸ್ಲಾಟ್ ಹಿಡೀರಿ. ಸಣ್ಣ ಟ್ರಿಪ್ಪಿನ್ಯಾಗ ಮೊದಲನೇ ಮಧ್ಯಾಹ್ನನ ಬಂಗಾರ. ಸಂಜಿಗೆ ಹತ್ತಿದವರಿಗೆ ಒಂದ ಊಟ, ಅರ್ಧ ದಿನದ ಈಜುಕೊಳ ಎರಡೂ ಹೋದ್ವು. ದೊಡ್ಡ ಬ್ಯಾಗ್ ರೂಮಿಗೆ ತಡಾ ಮಾಡಿ ಬರತಾವ. ಗುಳಿಗಿ, ಗುರುತಿನ ಚೀಟಿ, ಒಂದ ಜೊತಿ ಅರಬಿ ಕೈಚೀಲದಾಗ ಇರಲಿ.

ಸುರಕ್ಷತಾ ಡ್ರಿಲ್ ತಪ್ಪಿಸಬ್ಯಾಡ್ರಿ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಅಂದ್ರ ತುರ್ತು. ಹಿರಿಯರನ್ನ ಕರಕೊಂಡು ಮೆಟ್ಟಲದಿಂದನ ಒಮ್ಮಿ ನಡದು ನೋಡ್ರಿ, ಆವಾಗ ಲಿಫ್ಟ್ ಸಿಗಂಗಿಲ್ಲ.

ಹಡಗು ದಂಡಿ ಬಿಟ್ಟಕೂಡಲೇ ಮೊಬೈಲ್ ಏರೋಪ್ಲೇನ್ ಮೋಡ್. ಇಲ್ಲಾಂದ್ರ ಫೋನ್ ತಾನ ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ಜೋತು ಬೀಳತದ, ಬಿಲ್ ನೋಡಿ ತಲಿ ತಿರಗತದ. ಅದಕ್ಕ ಅವೊಮಿನ್ ನಡ್ಯಂಗಿಲ್ಲ!

ಉತ್ತರ 3 (ಬೆಳಗಾವಿ)
ಗೋವಾದಲ್ಲಿ ಇಳಿಯಬೇಡಿ ಅಂತ ನನ್ನ ಮತ. ಹಡಗು ನಿಲ್ಲುವುದು ಮುರಗಾಂವ್ ಬಂದರಿನಲ್ಲಿ, ವಾಸ್ಕೋ ಹತ್ತಿರ. ಪಣಜಿ ಸುಮಾರು 30 ಕಿ.ಮೀ. ಹೋಗಿ ಬರುವುದರಲ್ಲೇ ಹೊತ್ತು ಕಳೆಯುತ್ತದೆ. ನಮ್ಮ ಕಡೆಯವರಿಗೆ ಗೋವಾ ಎಂದಾದರೂ ಕಾರಿನಲ್ಲಿ ಹೋಗುವ ಊರೇ. ಎಲ್ಲರೂ ಇಳಿದಾಗ ಹಡಗು ಖಾಲಿ: ಕೊಳದಲ್ಲಿ ಜಾಗ, ಊಟಕ್ಕೆ ಸಾಲಿಲ್ಲ, ಬಂದರಿನಲ್ಲಿ ತೂಗಾಟವೂ ಇಲ್ಲ. ಇಳಿದೇ ತೀರುತ್ತೇವೆ ಅಂದರೆ, ವಾಪಸ್ ಹತ್ತುವ ಕೊನೆಯ ಸಮಯ ಹಡಗು ಬಿಡುವುದಕ್ಕಿಂತ ಮೊದಲೇ ಇರುತ್ತದೆ, ಬರೆದಿಟ್ಟುಕೊಳ್ಳಿ.

ಕೊನೆ ರಾತ್ರಿ ದೊಡ್ಡ ಬ್ಯಾಗು ಬಾಗಿಲ ಹೊರಗಿಡಲು ಹೇಳುತ್ತಾರೆ. ಬೆಳಗಿನ ಬಟ್ಟೆಯನ್ನೂ ಅದರಲ್ಲೇ ತುಂಬಿಬಿಟ್ಟು ಪೈಜಾಮದಲ್ಲಿ ಇಳಿಯುವವರು ಇದ್ದೇ ಇರುತ್ತಾರೆ. ರೂಮಿನ ಕಾರ್ಡಿಗೆ ಬಿದ್ದ ಖರ್ಚನ್ನೂ ಅಂದೇ ರಾತ್ರಿ ನೋಡಿ, ಬೆಳಿಗ್ಗೆ ಕೌಂಟರಿನಲ್ಲಿ ದೊಡ್ಡ ಸಾಲು.

ಪ್ರಶ್ನೆ ಕೇಳಿದವರು
ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಾಕ ಬಿಡತಾರೇನ್ರಿ?

ಉತ್ತರ 2 (ವಿಜಯಪುರ)
ಹೊರಗಿನ ಊಟಕ್ಕ ಸಾಮಾನ್ಯವಾಗಿ ಬಿಡಂಗಿಲ್ಲ. ಬುಕಿಂಗ್ ಮಾಡೂವಾಗ ಕೇಳಿ ನೋಡ್ರಿ. ನೀರ ಕಾಸೂ ಕೆಟಲ್, ಇಸ್ತ್ರಿ ಪೆಟ್ಟಿಗಿ ಮಾತ್ರ ಮನ್ಯಾಗ ಬಿಟ್ಟ ಹೋಗ್ರಿ, ಬೆಂಕಿ ಅಂಜಿಕಿಗೆ ಸ್ಕ್ಯಾನರ್ ಕಡೆನ ತಗೊಂಡ ಇಟ್ಕೋತಾರ.