ಚೆಂಡಿಗೆ ಬಾಲ, ಚಿತ್ರಕ್ಕಿಂತ ಮುಂಚೆ ದನಿ, ಕೊನೆಯ ಜಿಗಿತವೇ ಇಲ್ಲ: ದೊಡ್ಡ ಕೂಟಗಳನ್ನು ಟಿವಿಯಲ್ಲಿ ನೆಮ್ಮದಿಯಾಗಿ ನೋಡುವುದು ಹೇಗೆ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಲಿಂಪಿಕ್ಸ್ ಇರಲಿ, ವಿಶ್ವಕಪ್ ಇರಲಿ, ನಾನು ಅಪ್ಪ ಇಬ್ಬರೂ ಒಂದನ್ನೂ ಬಿಡುವವರಲ್ಲ. ಆದರೆ ಈ ಸಲ ನೋಡುವ ಖುಷಿಗಿಂತ ಬೇಸರವೇ ಹೆಚ್ಚಾಗಿದೆ. 55 ಇಂಚಿನ 4ಕೆ ಟಿವಿ, ಸೆಟ್‌ಟಾಪ್ ಬಾಕ್ಸ್, ಒಂದು ಸ್ಟ್ರೀಮಿಂಗ್ ಬಾಕ್ಸ್, ಜೊತೆಗೆ ಸೌಂಡ್‌ಬಾರ್ ಇದೆ.

ಫುಟ್‌ಬಾಲ್‌ನಲ್ಲಿ ಉದ್ದ ಪಾಸ್ ಕೊಟ್ಟಾಗ ಚೆಂಡಿನ ಹಿಂದೆ ಮಸುಕಾದ ಬಾಲ ಕಾಣುತ್ತದೆ. ಕೆಲವೊಮ್ಮೆ ಚೆಂಡೇ ಅರೆಕ್ಷಣ ಮಾಯ. ಆ್ಯಪ್‌ನಲ್ಲಿ ನೋಡುವಾಗಲಂತೂ ಕ್ಯಾಮೆರಾ ಈ ಬದಿಯಿಂದ ಆ ಬದಿಗೆ ತಿರುಗಿದರೆ ಇಡೀ ಮೈದಾನ ತಡವರಿಸಿಕೊಂಡು ಹೋಗುತ್ತದೆ. ನನಗೆ ಇದಕ್ಕಿಂತ ಮುಖ್ಯವಾದದ್ದು ದನಿ. ಅಪ್ಪನಿಗೆ ದೃಷ್ಟಿ ಮಂದವಾಗಿದೆ, ಕಾಮೆಂಟರಿ ಕೇಳಿಕೊಂಡೇ ಆಟವನ್ನು ಹಿಂಬಾಲಿಸುತ್ತಾರೆ. ಪ್ರೇಕ್ಷಕರ ಗದ್ದಲದಲ್ಲಿ ಆ ಮಾತೇ ಮುಳುಗಿಹೋಗುತ್ತಿದೆ. ದನಿ ಚಿತ್ರಕ್ಕಿಂತ ಒಂಚೂರು ಮುಂದೆಯೂ ಇದೆ. ಚೆಂಡಿಗೆ ಕಾಲು ತಾಗುವ ಮುಂಚೆ ಒದ್ದ ಸದ್ದು ಕೇಳುತ್ತದೆ. ಪಕ್ಕದ ಮನೆಯವರು ಗೋಲ್ ಎಂದು ಕೂಗಿ ಅರ್ಧ ನಿಮಿಷವಾದ ಮೇಲೆ ನಮ್ಮ ಆ್ಯಪ್‌ನಲ್ಲಿ ಗೋಲ್ ಬರುತ್ತದೆ.

ನಿನ್ನೆ ಲಾಂಗ್ ಜಂಪ್ ಫೈನಲ್‌ನ ಕೊನೆಯ ಸುತ್ತು. ಮೊದಲ ಸ್ಥಾನ ಬದಲಾಗಬಹುದಾದ ಜಿಗಿತ. ಅಥ್ಲೀಟ್ ಓಟಕ್ಕೆ ನಿಂತ ಹೊತ್ತಿಗೆ ಸರಿಯಾಗಿ ಚಾನೆಲ್‌ನವರು ಸ್ಟುಡಿಯೋ ಹರಟೆಗೆ ಹೋದರು. ವಾಪಸ್ ಬಂದಾಗ ಪದಕದ ಪಟ್ಟಿ ತೋರಿಸಿದರು. ಅಪ್ಪ ಏನೂ ಹೇಳದೆ ಎದ್ದು ಒಳಗೆ ಹೋದರು. ಇದರಲ್ಲಿ ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ?

ಉತ್ತರ 1:

ಚಿತ್ರದ ವಿಷಯ ನಾನು ಹೇಳುತ್ತೇನೆ. ಮೊದಲು ಪಿಕ್ಚರ್ ಮೋಡ್ ನೋಡಿ. ಅದು ‘ಸ್ಪೋರ್ಟ್ಸ್’ನಲ್ಲಿದ್ದರೆ ಅಲ್ಲಿಂದ ತೆಗೆದು ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ಗೆ ಹಾಕಿ. ಹೆಸರು ನೋಡಿ ಆಟಕ್ಕೆ ಅದೇ ಸರಿ ಎಂದುಕೊಳ್ಳುತ್ತೇವೆ. ಬಹಳಷ್ಟು ಟಿವಿಗಳಲ್ಲಿ ಆ ಮೋಡ್ ಮಾಡುವುದು ಹುಲ್ಲಿನ ಹಸಿರನ್ನು ಹೊಳೆಯಿಸುವುದು, ಅಂಚುಗಳನ್ನು ಚೂಪು ಮಾಡುವುದು ಮತ್ತು ಮೋಷನ್ ಸ್ಮೂದಿಂಗನ್ನು ಏರಿಸುವುದು. ಬಾಲ ಬರುವುದು ಈ ಮೂರನೆಯದರಿಂದ. ಟಿವಿ ಎರಡು ಚಿತ್ರಗಳ ನಡುವೆ ತಾನೇ ಊಹಿಸಿ ಹೊಸ ಚಿತ್ರ ಸೇರಿಸುತ್ತದೆ. ಚೆಂಡು ಸಣ್ಣದು, ವೇಗ ಹೆಚ್ಚು. ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಟಿವಿಗೆ ಹೊಳೆಯದೆ ಹೋದರೆ ಚೆಂಡನ್ನು ಅಳಿಸುತ್ತದೆ, ಇಲ್ಲವೇ ಎರಡು ಕಡೆ ಮಸುಕಾಗಿ ಬರೆಯುತ್ತದೆ.

ಸೋನಿಯಲ್ಲಿ ಇದಕ್ಕೆ ಮೋಷನ್‌ಫ್ಲೋ ಎಂದು ಹೆಸರು, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಪೂರ್ತಿ ಆಫ್ ಮಾಡಿ ನೋಡಿ. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ; ಆಟದ ಒಳ್ಳೆಯ ಪ್ರಸಾರ 50 ಅಥವಾ 60ರಲ್ಲಿ ಬರುತ್ತದೆ. ಅಷ್ಟು ಚಿತ್ರಗಳಿರುವಾಗ ನಡುವೆ ಊಹೆಯ ಚಿತ್ರ ಬೇಕಾಗಿಲ್ಲ.

ಮೈದಾನ ತಡವರಿಸುವುದು ಬೇರೆ ಕಾಯಿಲೆ. ಯುರೋಪ್, ಆಫ್ರಿಕಾ, ಏಷ್ಯಾದ ಬಹುಭಾಗ ಮತ್ತು ಆಸ್ಟ್ರೇಲಿಯಾದಲ್ಲಿ ಟಿವಿ ಪ್ರಸಾರ 50ರ ಲೆಕ್ಕದ್ದು. ಉತ್ತರ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾದಲ್ಲಿ ಹೆಚ್ಚುಕಡಿಮೆ 60. ನಿಮ್ಮ ಸ್ಟ್ರೀಮಿಂಗ್ ಬಾಕ್ಸ್ ಬಹುಶಃ ಸದಾ 60ರಲ್ಲೇ ಕಳಿಸುತ್ತಿದೆ. 50 ಚಿತ್ರಗಳನ್ನು 60 ಜಾಗದಲ್ಲಿ ಕೂರಿಸಬೇಕಾದರೆ ಪ್ರತಿ ಐದರಲ್ಲಿ ಒಂದು ಚಿತ್ರವನ್ನು ಎರಡು ಸಲ ತೋರಿಸಬೇಕು. ಅಂದರೆ ಸೆಕೆಂಡಿಗೆ ಹತ್ತು ಸಲ ಎಡವು. ಬಾಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬಂಥದ್ದು ಇದ್ದರೆ ಆನ್ ಮಾಡಿ. ಕೆಲವು ಆ್ಯಪ್‌ಗಳು ಅದಕ್ಕೆ ಕಿವಿಗೊಡುವುದಿಲ್ಲ. ಆಗ ಔಟ್‌ಪುಟ್ಟನ್ನು ಕೈಯಾರೆ 50 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 50 ಚಿತ್ರಕ್ಕೆ, ಇಡಿ. ಸೆಟ್‌ಟಾಪ್‌ನಲ್ಲಿ ಅದೇ ಪಂದ್ಯ ನಯವಾಗಿ ಓಡಿದರೆ ನನ್ನ ಊಹೆ ಸರಿ ಎಂದರ್ಥ. ಆ್ಯಪ್ ಕಳಿಸುವುದೇ ಸೆಕೆಂಡಿಗೆ 25 ಚಿತ್ರವಾಗಿದ್ದರೆ ಮಾತ್ರ ನಾವು ಮಾಡುವಂಥದ್ದು ಏನೂ ಇಲ್ಲ, ಸೆಟ್‌ಟಾಪ್‌ನಲ್ಲೇ ನೋಡಿ.

ಉತ್ತರ 2:

ದನಿಯ ಬಗ್ಗೆ. ಅಪ್ಪನವರ ವಿಷಯ ಓದಿ ತಕ್ಷಣ ಬರೆಯಬೇಕೆನಿಸಿತು, ಏಕೆಂದರೆ ಇದು ಸರಿಯಾಗುವ ತೊಂದರೆ.

5.1 ಸರೌಂಡ್ (ಸುತ್ತಲಿನ ಐದು ಸ್ಪೀಕರ್‌ಗೆ, ಒಂದು ಬಾಸ್‌ಗೆ ಹಂಚಿದ) ದನಿಯಲ್ಲಿ ಸಾಮಾನ್ಯವಾಗಿ ಕಾಮೆಂಟರಿ ನಡುವಿನ ಸೆಂಟರ್ ಚಾನೆಲ್‌ನಲ್ಲಿರುತ್ತದೆ. ಪ್ರೇಕ್ಷಕರು ಎಡ, ಬಲ ಮತ್ತು ಹಿಂದಿನ ಚಾನೆಲ್‌ಗಳಲ್ಲಿ. ಸೌಂಡ್‌ಬಾರ್‌ಗೆ ಸೆಂಟರ್ ಸ್ಪೀಕರ್ ಇದ್ದರೆ ಅದರ ಮಟ್ಟವನ್ನಷ್ಟೇ ಏರಿಸಿ, ಮಾತು ಮೇಲೆ ಬರುತ್ತದೆ. ಇಲ್ಲದಿದ್ದರೆ ಸೆಟ್‌ಟಾಪ್‌ನ ಆಡಿಯೋ ಔಟ್‌ಪುಟ್ಟನ್ನು ಸ್ಟೀರಿಯೋ ಅಥವಾ ಪಿಸಿಎಂಗೆ (ಕುಗ್ಗಿಸದ ಸಾದಾ ದನಿ) ಬದಲಿಸಿ ಕೇಳಿ. ‘ಕ್ಲಿಯರ್ ವಾಯ್ಸ್’ ಥರದ ಆಯ್ಕೆ ಇದ್ದರೆ ಹಾಕಿ. ‘ಸ್ಟೇಡಿಯಂ’, ‘ಸ್ಪೋರ್ಟ್ಸ್’ ಎಂಬ ಸೌಂಡ್ ಮೋಡ್‌ಗಳನ್ನು ಮಾತ್ರ ಖಂಡಿತ ತೆಗೆಯಿರಿ. ಗದ್ದಲವನ್ನು ಕೋಣೆ ತುಂಬ ಹರಡುವುದೇ ಅವುಗಳ ಕೆಲಸ, ಅಪ್ಪನವರಿಗೆ ಬೇಕಾದದ್ದು ಅದರ ತದ್ವಿರುದ್ಧ.

ದನಿ ಮುಂದೆ ಬರುವುದು ಏಕೆಂದರೆ ಟಿವಿ ಚಿತ್ರವನ್ನು ತಿದ್ದುತ್ತ ಕೂರುವಷ್ಟರಲ್ಲಿ ದನಿ ಸೌಂಡ್‌ಬಾರ್ ತಲುಪಿಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ದನಿ 45 ಮಿಲಿಸೆಕೆಂಡ್ ಮುಂದಾದರೆ ನಮಗೆ ಗೊತ್ತಾಗುತ್ತದೆ. ಹಿಂದಾದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ದೂರದ ಸದ್ದು ತಡವಾಗಿ ಕೇಳುವುದು ನಮಗೆ ಹುಟ್ಟಿನಿಂದ ರೂಢಿ. ಕಾಣುವ ಮುಂಚೆ ಕೇಳುವುದು ಪ್ರಕೃತಿಯಲ್ಲೇ ಇಲ್ಲ. ಸೌಂಡ್‌ಬಾರ್‌ನ ‘ಆಡಿಯೋ ಡಿಲೇ’ಯನ್ನು ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತ ಹೋಗಿ. ಅಳೆಯಲು ಮೈದಾನ ಬೇಡ, ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡುವ ನಿರೂಪಕರ ತುಟಿ ನೋಡಿ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ತುಂಬ ಧನ್ಯವಾದ. ಸೆಂಟರ್ ಏರಿಸಿದ ಕೂಡಲೇ ಅಪ್ಪ ‘ಈಗ ಕೇಳ್ತಿದೆ, ಹೀಗೇ ಇರಲಿ’ ಎಂದರು. ಮೊದಲು ದನಿಯ ಡಿಲೇ ಸರಿಮಾಡಿದೆ, 80ಕ್ಕೆ ನಿಂತಿತು. ಆಮೇಲೆ ಮೋಷನ್ ಆಫ್ ಮಾಡಿದೆ, ಬಾಲ ಹೋಯಿತು. ಬಾಕ್ಸನ್ನು 50ಕ್ಕೆ ಇಟ್ಟ ಮೇಲೆ ತಡವರಿಕೆಯೂ ಇಲ್ಲ. ಆದರೆ ಈಗ ದನಿ ಚಿತ್ರಕ್ಕಿಂತ ಹಿಂದೆ ಬಿದ್ದಿದೆ! ಏನು ತಪ್ಪಾಯಿತು?

ಉತ್ತರ 2:

ತಪ್ಪೇನಿಲ್ಲ, ಕ್ರಮ ಹೇಳದೆ ಹೋದದ್ದು ನನ್ನ ಕೊರತೆ. ಮೋಷನ್ ಆಫ್ ಆದ ಮೇಲೆ ಟಿವಿಗೆ ಕೆಲಸ ಕಡಿಮೆ, ಚಿತ್ರ ಬೇಗ ಬರುತ್ತಿದೆ. ನೀವು ಕೊಟ್ಟ 80 ಹಳೆಯ ತಡಕ್ಕೆ ಹೊಂದಿದ ಲೆಕ್ಕ. ಡಿಲೇಯನ್ನು ಸೊನ್ನೆಗೆ ತಂದು ಮತ್ತೆ ಮೇಲಕ್ಕೆ ಬನ್ನಿ. ಮೊದಲು ಚಿತ್ರ, ಆಮೇಲೆ ದನಿ. ಸೆಟ್‌ಟಾಪ್‌ಗೊಂದು, ಸ್ಟ್ರೀಮಿಂಗ್ ಬಾಕ್ಸ್‌ಗೊಂದು ಬೇರೆ ಬೇರೆ ಡಿಲೇ ಬೇಕಾಗಲೂಬಹುದು, ಎರಡನ್ನೂ ಬರೆದಿಟ್ಟುಕೊಳ್ಳಿ.

ಉತ್ತರ 3:

ಪಕ್ಕದ ಮನೆಯವರು ಡಿಶ್‌ನಲ್ಲಿ ನೋಡುತ್ತಿರಬಹುದು. ಅವರ ಕೂಗು ಮೊದಲು ಕೇಳಲು ಕಾರಣ ಉಪಗ್ರಹ ಹತ್ತಿರ, ಇಂಟರ್ನೆಟ್ ದೂರ ಎಂಬುದಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ಸ್ಟ್ರೀಮಿಂಗ್‌ನಲ್ಲಿ ವಿಡಿಯೋವನ್ನು ತುಂಡು ಮಾಡಿ ಕಳಿಸುತ್ತಾರೆ. ಆಪಲ್‌ನ ಎಚ್‌ಎಲ್‌ಎಸ್ ಎಂಬ ಸ್ಟ್ರೀಮಿಂಗ್ ಪದ್ಧತಿಯಲ್ಲಿ ಒಂದು ತುಂಡು ಸಾಮಾನ್ಯವಾಗಿ ಆರು ಸೆಕೆಂಡಿನದು. ಪ್ಲೇಯರ್ ಅಂಥ ಮೂರನ್ನು ಕೂಡಿಟ್ಟುಕೊಂಡರೆ ಅಲ್ಲಿಗೇ 18 ಸೆಕೆಂಡ್. ಅದರ ಮೇಲೆ ವಿಡಿಯೋವನ್ನು ಕುಗ್ಗಿಸುವ ಎನ್‌ಕೋಡಿಂಗ್‌ನ ತಡ, ಸರ್ವರ್‌ನ ತಡ. ಕಡಿಮೆ ತಡದ ಎಚ್‌ಎಲ್‌ಎಸ್ 2019ರಲ್ಲೇ ಬಂದಿದ್ದರೂ ಎಲ್ಲ ಸೇವೆಗಳೂ ಅದನ್ನು ಬಳಸುವುದಿಲ್ಲ.

ಮಧ್ಯೆ ಒಮ್ಮೆ ಬಫರ್ ಆಗಿದ್ದರೆ ಇನ್ನಷ್ಟು ಹಿಂದೆ ಉಳಿದಿರುತ್ತೀರಿ. ‘ಲೈವ್’ ಬಟನ್ ಒತ್ತಿ, ಇಲ್ಲವೇ ಸ್ಟ್ರೀಮ್ ಮುಚ್ಚಿ ತೆರೆಯಿರಿ. ನೇರ ಪಂದ್ಯ ಸೆಟ್‌ಟಾಪ್‌ನಲ್ಲಿ ಇದ್ದರೆ ಅಲ್ಲೇ ನೋಡಿ. ಫೋನಿನ ಸ್ಕೋರ್ ಸೂಚನೆಗಳನ್ನು ಆಫ್ ಮಾಡಿ. ಸ್ಕೋರ್ ಬರುವುದು ಬೇರೆ ದಾರಿಯಲ್ಲಿ, ವಿಡಿಯೋಗಿಂತ ಮುಂಚೆ.

ಉತ್ತರ 4:

ಉಳಿದದ್ದು ಲಾಂಗ್ ಜಂಪ್. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನೂ ಹೀಗೇ ಎಷ್ಟೋ ಜಾವೆಲಿನ್ ಎಸೆತಗಳನ್ನು ಕಳೆದುಕೊಂಡಿದ್ದೇನೆ.

ಒಂದು ವಿಷಯ ಗೊತ್ತಿರಲಿ. ಒಲಿಂಪಿಕ್ಸ್‌ನ ಮೂಲ ಚಿತ್ರೀಕರಣ ನಿಮ್ಮ ಚಾನೆಲ್‌ನದಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2001ರಲ್ಲಿ ಕಟ್ಟಿದ ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವಿಸಸ್ ಎಲ್ಲ ಆಟಗಳನ್ನೂ ಸೆರೆಹಿಡಿದು ಹಕ್ಕು ಪಡೆದ ಚಾನೆಲ್‌ಗಳಿಗೆ ಕೊಡುತ್ತದೆ. ಅಥ್ಲೆಟಿಕ್ಸ್‌ನಲ್ಲಿ ಓಟ, ಜಿಗಿತ, ಎಸೆತಗಳಿಗೆ ಬೇರೆ ಬೇರೆ ಫೀಡ್ (ನೇರ ಚಿತ್ರದ ಧಾರೆ) ಇರುತ್ತದೆ. ಅಂದರೆ ನಿಮಗೆ ತಪ್ಪಿದ ಆ ಜಿಗಿತವನ್ನು ಕ್ಯಾಮೆರಾ ತಪ್ಪದೆ ಹಿಡಿದಿತ್ತು, ಅದು ಚಾನೆಲ್‌ನ ಕೈಗೂ ಬಂದಿತ್ತು. ಯಾವುದನ್ನು ತೋರಿಸಬೇಕೆಂದು ಸ್ಟುಡಿಯೋದಲ್ಲಿ ಯಾರೋ ಆರಿಸಿದರು, ತಪ್ಪಾಗಿ ಆರಿಸಿದರು. 2024ರ ಪ್ಯಾರಿಸ್ ಕೂಟದಲ್ಲಿ ಸಂದರ್ಶನ, ತುಣುಕುಗಳೆಲ್ಲ ಸೇರಿ ತಯಾರಾದದ್ದು 11,000 ಗಂಟೆಗೂ ಹೆಚ್ಚು. ಜುಲೈ 26ರಿಂದ ಆಗಸ್ಟ್ 11ರವರೆಗೆ 17 ದಿನ ಹಗಲೂ ರಾತ್ರಿ ಪ್ರಸಾರ ಮಾಡಿದರೂ ಒಂದು ಚಾನೆಲ್ ತೋರಿಸಬಲ್ಲದ್ದು 408 ಗಂಟೆ. ಆಯ್ಕೆ ಅನಿವಾರ್ಯ, ಒಪ್ಪುತ್ತೇನೆ. ಪದಕ ನಿರ್ಧರಿಸುವ ಜಿಗಿತವನ್ನು ಬಿಟ್ಟು ಹರಟೆಯನ್ನು ಆರಿಸುವುದನ್ನು ಒಪ್ಪುವುದಿಲ್ಲ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯನ್ನು ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ನೇರವಾಗಿ ತೋರಿಸಲಿಲ್ಲ, ಗಂಟೆಗಳ ನಂತರ ಹಾಕಿತು. ಆಗಲೂ ಒಂದು ಶ್ರದ್ಧಾಂಜಲಿ ನೃತ್ಯವನ್ನು ಕತ್ತರಿಸಿ ಆ ಜಾಗಕ್ಕೆ ಈಜುಗಾರ ಮೈಕೆಲ್ ಫೆಲ್ಪ್ಸ್ ಸಂದರ್ಶನ ತುಂಬಿತ್ತು. ಎಲ್ಲ ಕಡೆಯ ನೋಡುಗರೂ ಇದನ್ನು ಅನುಭವಿಸಿದ್ದಾರೆ.

ಮಾಡಬಹುದಾದದ್ದು ಇಷ್ಟು: ಹಕ್ಕು ಪಡೆದವರ ಆ್ಯಪ್‌ನಲ್ಲಿ ಮುಖ್ಯ ಚಾನೆಲ್ ಬಿಟ್ಟು ಆಟವಾರು ಪಟ್ಟಿ ತೆರೆಯಿರಿ. ‘ಲಾಂಗ್ ಜಂಪ್ ಫೈನಲ್’ ಎಂದೇ ಪ್ರತ್ಯೇಕ ಸ್ಟ್ರೀಮ್ ಇದ್ದರೆ ಅದರಲ್ಲಿ ಸ್ಟುಡಿಯೋ ಇರುವುದಿಲ್ಲ, ಆರೂ ಸುತ್ತು ಪೂರ್ತಿ ಸಿಗುತ್ತದೆ. ಚಾನೆಲ್‌ಗೆ ದೂರು ಬರೆಯುವುದಾದರೆ ದಿನಾಂಕ, ಗಂಟೆ, ನಿಮಿಷ, ಯಾವ ಸುತ್ತು ತಪ್ಪಿತು ಎಂದು ನಿಖರವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರಿಂದ:

ಸೆಟ್‌ಟಾಪ್‌ಗೆ 20, ಸ್ಟ್ರೀಮಿಂಗ್ ಬಾಕ್ಸ್‌ಗೆ 40 ಮಿಲಿಸೆಕೆಂಡ್‌ನಲ್ಲಿ ದನಿ ಕೂತಿತು. ಇವತ್ತು ಟ್ರಿಪಲ್ ಜಂಪ್‌ನ ಪ್ರತ್ಯೇಕ ಸ್ಟ್ರೀಮ್ ಸಿಕ್ಕಿತು, ಒಂದು ಜಿಗಿತವೂ ತಪ್ಪಲಿಲ್ಲ. ಆದರೆ ಅದರಲ್ಲಿ ಕಾಮೆಂಟರಿಯೇ ಇಲ್ಲ, ಮೈದಾನದ ಸದ್ದು ಮಾತ್ರ. ಹಾಗಾಗಿ ಯಾರು ಓಡಿಬರುತ್ತಿದ್ದಾರೆ, ಕೆಂಪು ಬಾವುಟವೋ ಬಿಳಿ ಬಾವುಟವೋ, ಎಷ್ಟು ಮೀಟರ್ ಎಂದು ಕೊನೆಯವರೆಗೂ ನಾನೇ ಅಪ್ಪನಿಗೆ ಹೇಳುತ್ತ ಕೂತೆ. ರೇಡಿಯೋ ಕಾಮೆಂಟರಿಯನ್ನು ಇದರ ಜೊತೆ ಸೇರಿಸಬಹುದೇ?

ಉತ್ತರ 3:

ರೇಡಿಯೋ ಸಾಮಾನ್ಯವಾಗಿ ಸ್ಟ್ರೀಮ್‌ಗಿಂತ ಮುಂದಿರುತ್ತದೆ, ಅದು ಅನುಕೂಲವೇ. ಫೋನಿನ ರೇಡಿಯೋ ಆ್ಯಪ್‌ನಲ್ಲಿ ಪಾಜ್ (ತಡೆದು ನಿಲ್ಲಿಸುವ ಬಟನ್) ಒತ್ತಿ, ಟಿವಿಯಲ್ಲಿ ಅದೇ ಘಳಿಗೆ ಬಂದಾಗ ಪ್ಲೇ ಮಾಡಿ. ನಿಲ್ಲಿಸಿದಲ್ಲಿಂದಲೇ ಮುಂದುವರಿಸುವ ಆ್ಯಪ್ ಆಗಿರಬೇಕು. ಕೆಲವು ನೇರಕ್ಕೆ ಹಾರಿಬಿಡುತ್ತವೆ. ಆದರೆ ರೇಡಿಯೋದವರು ಓಟದ ಸ್ಪರ್ಧೆ ಶುರುವಾದರೆ ಜಿಗಿತ ಬಿಟ್ಟು ಅತ್ತ ಹೋಗುತ್ತಾರೆ. ಆಗ ನೀವು ಇವತ್ತು ಹೇಳಿದ ಹಾಗೆಯೇ ಹೇಳಬೇಕಾಗುತ್ತದೆ. ಸ್ಪರ್ಧಿಗಳ ಕ್ರಮದ ಪಟ್ಟಿ ಕೂಟದ ಅಧಿಕೃತ ತಾಣದಲ್ಲಿ ಮುಂಚೆಯೇ ಸಿಗುತ್ತದೆ, ಕೈಯಲ್ಲಿಟ್ಟುಕೊಳ್ಳಿ. ಹೆಸರು, ದೇಶ, ಇದುವರೆಗಿನ ಉತ್ತಮ ಜಿಗಿತ ಅದರಲ್ಲೇ ಇರುತ್ತದೆ.